ಸಿಲಿಕಾನಿನ ಎರಡು ವಂಶಗಳು: ಸೂಕ್ಷ್ಮ ಸಂವೇದಕಗಳ ಚರಿತ್ರೆಯ ಒಂದು ವಿವೇಚನೆ

ನಮ್ಮ ಕಾಲದ ಯಂತ್ರವಿದ್ಯೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಒಂದೇ ಗೆರೆಯನ್ನು ಹಿಡಿದು ನಡೆಯುತ್ತಾರೆ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. 1958ರಲ್ಲಿ ಜಾಕ್ ಕಿಲ್ಬಿ, 1959ರಲ್ಲಿ ರಾಬರ್ಟ್ ನಾಯ್ಸ್ ಇವರ ಯತ್ನದಿಂದ ವಿದ್ಯುನ್ಮಂಡಲದ ಅಂಗಗಳೆಲ್ಲ ಒಂದೇ ಹರಳಿನ ತುಣುಕಿನ ಮೇಲೆ ಕೂಡಿಬಂದುವು. 1965ರಲ್ಲಿ ಗಾರ್ಡನ್ ಮೂರ್ ಅವುಗಳ ಸಂಖ್ಯೆ ವರ್ಷವರ್ಷಕ್ಕೂ ಇಮ್ಮಡಿಯಾಗುವುದೆಂದು ಭವಿಷ್ಯ ನುಡಿದು, 1975ರಲ್ಲಿ ಆ ಅವಧಿಯನ್ನು ಎರಡು ವರ್ಷಕ್ಕೆ ತಿದ್ದಿದನು. ಅಲ್ಲಿಂದ ಮುಂದೆ ಎಲ್ಲವೂ ಕಿರಿದಾಗುತ್ತ ಬಂದು ನಮ್ಮ ಕಿಸೆಯ ಫೋನನ್ನು ಮುಟ್ಟಿತು. ಇದು ಆ ಗೆರೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ಅರ್ಧ ಚರಿತ್ರೆ ಮಾತ್ರ.

ಸಿಲಿಕಾನಿಗೆ ಎರಡು ವಂಶಗಳುಂಟು. ಲೆಕ್ಕ ಮಾಡುವ ವಂಶ ಒಂದು. ಒತ್ತಡ, ಅಲುಗಾಟ, ವೇಗದ ಏರಿಳಿತ, ಗಾಳಿಯಲ್ಲಿ ಸೇರಿದ ಅನಿಲ ಇವುಗಳ ಸುಳಿವನ್ನು ಹಿಡಿದು ತಿಳಿಸುವ ವಂಶ ಮತ್ತೊಂದು. ಮೊದಲನೆಯದರ ವೃತ್ತಾಂತ ಪುಸ್ತಕಗಳಲ್ಲಿ ವಿಸ್ತಾರವಾಗಿ ದೊರೆಯುತ್ತದೆ. ಎರಡನೆಯದು ಬಹುಮಟ್ಟಿಗೆ ಅಡಿಟಿಪ್ಪಣಿಗಳಲ್ಲಿಯೇ ಉಳಿದಿದೆ. ಈ ಎರಡನೆಯ ವಂಶದ ಮುಖ್ಯ ಘಟ್ಟಗಳನ್ನು ಕ್ರಮವಾಗಿ ನಿರೂಪಿಸಿ, ನಮ್ಮ ದೇಶದ ಪ್ರಯತ್ನಗಳನ್ನು ಅಳೆಯಲು ಇಂದು ನಾವು ಬಳಸುತ್ತಿರುವ ಅಳತೆಗೋಲು ಸರಿಯಾದುದೇ ಎಂದು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಅಳತೆಯ ಮಾತು. ಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಮೈಕ್ರಾನ್. ನೂರು ಕೋಟಿಯಲ್ಲಿ ಒಂದು ಪಾಲು ನ್ಯಾನೊಮೀಟರ್. ತಲೆಗೂದಲಿನ ದಪ್ಪ ಸ್ಥೂಲವಾಗಿ 70ರಿಂದ 100 ಮೈಕ್ರಾನ್. ಸಿಲಿಕಾನ್ ಹರಳಿನಲ್ಲಿ ಪರಮಾಣುಗಳ ಜೋಡಣೆ ಮರುಕಳಿಸುವ ದೂರ ಸುಮಾರು ಅರ್ಧ ನ್ಯಾನೊಮೀಟರ್. ನ್ಯಾನೊ ಎಂಬ ಶಬ್ದದ ಗ್ರೀಕ್ ಮೂಲಕ್ಕೆ ಕುಳ್ಳ, ವಾಮನ ಎಂದು ಅರ್ಥ. ನ್ಯಾನೊ ತಂತ್ರವಿದ್ಯೆ ಎಂಬ ಪದವನ್ನು 1974ರಲ್ಲಿ ಜಪಾನಿನ ನೊರಿಯೊ ತಾನಿಗುಚಿ ಮೊದಲು ಬಳಸಿದನು. ಮೂರಡಿಯಲ್ಲಿ ಲೋಕವನ್ನಳೆದ ವಾಮನನನ್ನು ಬಲ್ಲ ನಮಗೆ, ಕಿರಿದಾದುದು ಅಶಕ್ತವೆಂಬ ಭ್ರಮೆ ಇರಬೇಕಾದುದಿಲ್ಲ. ಆದರೆ ಕಿರಿದಾದಷ್ಟೂ ಮೇಲು ಎಂಬ ಇನ್ನೊಂದು ಭ್ರಮೆ ನಮ್ಮಲ್ಲಿ ಬಲವಾಗಿ ಬೇರೂರಿದೆ.

ಈ ವಿದ್ಯೆಯ ಮೂಲಪುರುಷನೆಂದು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ನನನ್ನು ಹೇಳುವುದು ವಾಡಿಕೆ. 1959ರ ಡಿಸೆಂಬರ್ 29ರಂದು ಕ್ಯಾಲಿಫೋರ್ನಿಯದ ಪ್ಯಾಸಡೀನದಲ್ಲಿ ಆತನು ಮಾಡಿದ ಉಪನ್ಯಾಸದಲ್ಲಿ, ಪರಮಾಣುಗಳನ್ನು ಒಂದೊಂದಾಗಿ ಜೋಡಿಸಲು ಭೌತನಿಯಮಗಳ ಅಡ್ಡಿಯಿಲ್ಲವೆಂದು ವಾದಿಸಿದನು. ಉಪನ್ಯಾಸ ಚಮತ್ಕಾರವಾದುದು, ಆದರೆ ಮುಂದಿನ ಎರಡು ದಶಕಗಳಲ್ಲಿ ಅದನ್ನು ಉಲ್ಲೇಖಿಸಿದವರು ವಿರಳ. ನ್ಯಾನೊ ತಂತ್ರವಿದ್ಯೆಯ ಹೆಸರು ಪ್ರಸಿದ್ಧಿಗೆ ಬಂದ ಬಳಿಕವೇ ಅದನ್ನು ಹುಡುಕಿ ತೆಗೆದು ಆದಿಗ್ರಂಥದ ಪೀಠದಲ್ಲಿ ಕೂರಿಸಲಾಯಿತು. ವಂಶ ಬೆಳೆದ ಮೇಲೆ ಮೂಲಪುರುಷನನ್ನು ಕಂಡುಕೊಳ್ಳುವುದು ಅರಸುಮನೆತನಗಳ ಶಾಸನಗಳಲ್ಲಿ ನಾವು ಕಂಡಿರುವ ಸಂಗತಿಯೇ ಆಗಿದೆ.

ಆ ಉಪನ್ಯಾಸದ ಕೊನೆಯಲ್ಲಿ ಫೈನ್‌ಮನ್ ಎರಡು ಬಹುಮಾನಗಳನ್ನು ಸಾರಿದನು. ಒಂದಂಗುಲದ 64ನೆಯ ಒಂದು ಪಾಲಿನಷ್ಟು ಉದ್ದಗಲ ಎತ್ತರವುಳ್ಳ ಘನದೊಳಗೆ ಅಡಗುವ ವಿದ್ಯುತ್ ಮೋಟಾರನ್ನು ಮಾಡಿದವರಿಗೆ 1000 ಡಾಲರು. ವಿಲಿಯಂ ಮೆಕ್ಲೆಲನ್ ಎಂಬ ಇಂಜಿನಿಯರು 1960ರಲ್ಲಿಯೇ, ಸೂಕ್ಷ್ಮದರ್ಶಕ ಮತ್ತು ಚಿಮಟಗಳ ನೆರವಿನಿಂದ ಅದನ್ನು ಮಾಡಿ ಮುಗಿಸಿದನು. ಫೈನ್‌ಮನ್ ಹಣ ಕೊಟ್ಟನು. ಆದರೆ ಅವನ ಮನಸ್ಸಿನಲ್ಲಿದ್ದುದು ಸಿದ್ಧಿಸಲಿಲ್ಲ. ಅವನು ಬಯಸಿದ್ದು ಹೊಸದೊಂದು ವಿಧಾನ. ದೊರೆತದ್ದು ಗಡಿಯಾರ ರಿಪೇರಿಯವನ ಹಳೆಯ ಕೈಚಳಕ. ಪುಸ್ತಕದ ಪುಟವೊಂದನ್ನು 25,000 ಪಟ್ಟು ಕಿರಿದಾಗಿಸುವ ಎರಡನೆಯ ಬಹುಮಾನಕ್ಕೆ 1985ರವರೆಗೆ ಕಾಯಬೇಕಾಯಿತು. ಸ್ಟಾನ್‌ಫರ್ಡಿನ ವಿದ್ಯಾರ್ಥಿ ಟಾಮ್ ನ್ಯೂಮನ್ ಎಲೆಕ್ಟ್ರಾನುಗಳ ಕಿರಣದಿಂದ ಬರೆದು ಅದನ್ನು ಗೆದ್ದನು. ಇಲ್ಲಿ ಹೊಸ ವಿಧಾನವಿತ್ತು. ಕಿರಿದಾದ ವಸ್ತುವೊಂದನ್ನು ಮಾಡುವುದು ಬೇರೆ, ಕಿರಿದಾಗಿ ಮಾಡುವ ಕ್ರಮವನ್ನು ಸ್ಥಾಪಿಸುವುದು ಬೇರೆ. ಈ ಭೇದವನ್ನು ಮುಂದೆ ನಮ್ಮ ದೇಶದ ವಿಚಾರದಲ್ಲಿಯೂ ನೆನೆಯಬೇಕಾಗುತ್ತದೆ.

ಸಂವೇದಕಗಳ ವಂಶದ ನಿಜವಾದ ಆರಂಭ 1954ರಲ್ಲಿ. ಆ ವರ್ಷ ಚಾರ್ಲ್ಸ್ ಸ್ಮಿತ್ ಎಂಬ ವಿಜ್ಞಾನಿ ಜರ್ಮೇನಿಯಮ್ ಮತ್ತು ಸಿಲಿಕಾನ್ ಹರಳುಗಳನ್ನು ಹಿಗ್ಗಿಸಿ, ಅವುಗಳ ವಿದ್ಯುತ್ ರೋಧದಲ್ಲಿ ಆಗುವ ವ್ಯತ್ಯಾಸವನ್ನು ಅಳೆದು ಪ್ರಕಟಿಸಿದನು. ಲೋಹದ ತಂತಿಯನ್ನು ಎಳೆದರೂ ರೋಧ ಬದಲಾಗುತ್ತದೆ. ಆದರೆ ಸಿಲಿಕಾನಿನಲ್ಲಿ ಆ ಬದಲಾವಣೆ ಹತ್ತಾರು ಪಟ್ಟು ಹೆಚ್ಚು. ಎಂದರೆ, ಯಾವ ಹರಳು ವಿದ್ಯುತ್ತನ್ನು ನಿಯಂತ್ರಿಸುತ್ತದೆಯೋ ಅದೇ ಹರಳು ತನ್ನ ಮೇಲೆ ಬಿದ್ದ ಒತ್ತಡವನ್ನೂ ವಿದ್ಯುತ್ತಿನ ಭಾಷೆಯಲ್ಲಿ ಹೇಳಬಲ್ಲುದು. 1962ರ ವೇಳೆಗೆ ಹನಿವೆಲ್ ಸಂಸ್ಥೆಯ ಸಂಶೋಧಕರು ಸಿಲಿಕಾನಿನ ತೆಳುವಾದ ಪೊರೆಯಲ್ಲಿಯೇ ಇಂಥ ರೋಧಗಳನ್ನು ಮೂಡಿಸಿ, ಪೊರೆ ಬಾಗಿದಷ್ಟೂ ಒತ್ತಡವನ್ನು ಅಳೆಯುವ ಉಪಕರಣವನ್ನು ರಚಿಸಿದರು. ಇಂದು ಆಸ್ಪತ್ರೆಗಳಲ್ಲಿ ರೋಗಿಯ ರಕ್ತನಾಳದ ಒತ್ತಡವನ್ನು ಸತತವಾಗಿ ತೋರಿಸುವ ಅಗ್ಗದ ಅಳತೆಗಾರ ಈ ಪೊರೆಯ ಸಂತತಿಯೇ.

ಪೊರೆಯನ್ನು ತೆಳುಮಾಡುವ ಬಗೆ ಹೇಗೆ? ಇಲ್ಲಿ ಹರಳಿನ ಸ್ವಭಾವವೇ ಶಿಲ್ಪಿಗೆ ನೆರವಾಯಿತು. ಕೆಲವು ಕ್ಷಾರದ್ರವಗಳು ಸಿಲಿಕಾನನ್ನು ಎಲ್ಲ ದಿಕ್ಕುಗಳಲ್ಲಿಯೂ ಸಮನಾಗಿ ಕೊರೆಯುವುದಿಲ್ಲ. ಹರಳಿನ ಒಂದು ಮುಖವನ್ನು ಬೇಗ ತಿನ್ನುತ್ತವೆ, ಪರಮಾಣುಗಳು ಒತ್ತಾಗಿ ಹೆಣೆದುಕೊಂಡಿರುವ ಇನ್ನೊಂದು ಮುಖದಲ್ಲಿ ಬಹುಮಟ್ಟಿಗೆ ನಿಂತುಬಿಡುತ್ತವೆ. ಆದುದರಿಂದ ಮೇಲ್ಮೈಯಲ್ಲಿ ಚೌಕಾಕಾರದ ಕಿಂಡಿಯನ್ನು ಬಿಟ್ಟು ದ್ರವದಲ್ಲಿ ಅದ್ದಿದರೆ, 54.7 ಅಂಶಗಳ ಇಳಿಜಾರುಳ್ಳ ಅಚ್ಚುಕಟ್ಟಾದ ಗುಳಿ ತಾನಾಗಿಯೇ ಮೂಡುತ್ತದೆ. ಕಲ್ಲಿನ ಪದರು ತಿಳಿದು ಉಳಿ ಹಿಡಿಯುವ ನಮ್ಮ ಶಿಲ್ಪಿಗಳಿಗೆ ಈ ಯುಕ್ತಿ ಅಪರಿಚಿತವೆನಿಸದು.

1982ರಲ್ಲಿ ಐಬಿಎಂ ಸಂಸ್ಥೆಯ ಕರ್ಟ್ ಪೀಟರ್ಸನ್ ಅದುವರೆಗಿನ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ, ಸಿಲಿಕಾನನ್ನು ಯಂತ್ರಭಾಗಗಳ ದ್ರವ್ಯವಾಗಿ ಪರಿಶೀಲಿಸುವ ದೀರ್ಘ ಪ್ರಬಂಧವನ್ನು ಬರೆದನು. ಗಾಜಿನಂತೆ ಒಡೆಯುವ ವಸ್ತುವೆಂದು ಎಲ್ಲರೂ ತಿಳಿದಿದ್ದ ಸಿಲಿಕಾನ್, ದೋಷವಿಲ್ಲದ ಕಿರಿಯ ಹರಳಾಗಿರುವಾಗ ಉಕ್ಕಿನೊಡನೆ ಹೋಲಿಸಬಹುದಾದಷ್ಟು ಗಟ್ಟಿ, ಅಲ್ಯುಮಿನಿಯಮ್ಮಿಗಿಂತಲೂ ಹಗುರ ಎಂದು ಆ ಪ್ರಬಂಧ ಎತ್ತಿತೋರಿಸಿತು. ಅದು ಸಾಮಾನ್ಯ ಶಾಖದಲ್ಲಿ ಲೋಹದಂತೆ ಬಾಗಿ ಉಳಿಯುವುದಿಲ್ಲ. ಬಾಗಿದರೆ ಹಿಂದಕ್ಕೆ ಬರುತ್ತದೆ, ಮಿತಿಮೀರಿದರೆ ಮುರಿಯುತ್ತದೆ. ಸ್ಪ್ರಿಂಗಿಗೆ ಬೇಕಾದುದು ಈ ಗುಣವೇ. ಮುಂದಿನ ವರ್ಷ, 1983ರಲ್ಲಿ, ಬರ್ಕ್ಲಿಯ ರೋಜರ್ ಹೋವ್ ಮತ್ತು ರಿಚರ್ಡ್ ಮುಲ್ಲರ್ ಬಿಲ್ಲೆಯನ್ನು ಆಳವಾಗಿ ಕೊರೆಯದೆ, ಅದರ ಮೇಲ್ಮೈಯಲ್ಲಿಯೇ ಪದರಗಳನ್ನು ಹಾಸಿ, ಒಳಪದರವನ್ನು ಕರಗಿಸಿ, ಅಂತರದಲ್ಲಿ ನಿಲ್ಲುವ ತೊಲೆಗಳನ್ನು ಮಾಡುವ ಬಗೆಯನ್ನು ತೋರಿಸಿದರು.

ಈ ವಿದ್ಯೆ ಬೀದಿಗೆ ಬಂದದ್ದು ಮೋಟಾರು ಕಾರಿನ ಮೂಲಕ. ಅಪಘಾತದ ಕ್ಷಣದಲ್ಲಿ ಉಬ್ಬಿ ಪ್ರಯಾಣಿಕನನ್ನು ಕಾಪಾಡುವ ಗಾಳಿಚೀಲಕ್ಕೆ, ಡಿಕ್ಕಿಯಾಯಿತೆಂಬ ಸುದ್ದಿಯನ್ನು ಯಾರಾದರೂ ಮುಟ್ಟಿಸಬೇಕು. ಹಿಂದೆ ಆ ಕೆಲಸವನ್ನು ಕೊಳವೆಯೊಳಗಿನ ಉಕ್ಕಿನ ಗುಂಡಿನಂಥ ಸಾಧನಗಳು ಮಾಡುತ್ತಿದ್ದುವು. 1990ರ ದಶಕದ ಆರಂಭದಲ್ಲಿ ಅನಲಾಗ್ ಡಿವೈಸಸ್ ಎಂಬ ಅಮೆರಿಕನ್ ಸಂಸ್ಥೆ, ಸುಮಾರು 2 ಮೈಕ್ರಾನ್ ದಪ್ಪದ ಸಿಲಿಕಾನ್ ತೊಲೆಗೆ ಬಾಚಣಿಗೆಯ ಹಲ್ಲುಗಳಂಥ ಬೆರಳುಗಳನ್ನು ಕೊಟ್ಟು, ತೊಲೆ ಅಲುಗಿದಾಗ ಆ ಬೆರಳುಗಳ ನಡುವಣ ವಿದ್ಯುತ್ ಧಾರಣಶಕ್ತಿ ಬದಲಾಗುವುದನ್ನು ಅಳೆಯುವ ಮಂಡಲವನ್ನು ಅದೇ ಚಿಪ್ಪಿನ ಮೇಲೆ ಸೇರಿಸಿ ಮಾರಾಟಕ್ಕೆ ತಂದಿತು. ಇಂದು ಫೋನನ್ನು ಅಡ್ಡ ಹಿಡಿದೊಡನೆ ಚಿತ್ರವೂ ಅಡ್ಡವಾಗುವುದು ಇಂಥ ಬಾಚಣಿಗೆಯ ಮಹಿಮೆಯಿಂದಲೇ.

ಇಲ್ಲಿ ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಆ ತೊಲೆಯ ಅಳತೆಗಳು ಮೈಕ್ರಾನುಗಳಲ್ಲಿ ಇದ್ದುವು. ಲೆಕ್ಕದ ಚಿಪ್ಪುಗಳು ಆ ಹೊತ್ತಿಗಾಗಲೇ ಮೈಕ್ರಾನಿನ ಗಡಿಯನ್ನು ದಾಟಿ ಒಳಗೆ ಇಳಿದಿದ್ದುವು. ಸಂವೇದಕವನ್ನು ಮಾಡಿದವರು ಈ ಓಟದಲ್ಲಿ ಸೋತವರಲ್ಲ; ಅವರಿಗೆ ಆ ಓಟವೇ ಬೇಕಾಗಿರಲಿಲ್ಲ. ತೊಲೆಯನ್ನು ಮಿತಿಮೀರಿ ಕಿರಿದಾಗಿಸಿದರೆ ಅದರ ತೂಕ ಕುಗ್ಗಿ, ಅಲುಗಾಟದ ಸುದ್ದಿ ಶಾಖದಿಂದುಂಟಾಗುವ ಸಹಜ ಕಂಪನದಲ್ಲಿ ಮುಳುಗಿಹೋಗುತ್ತದೆ. ಅವರಿಗೆ ಬೇಕಾದುದು ದ್ರವ್ಯದ ಆಳವಾದ ಪರಿಚಯ, ಪದರಗಳೊಳಗಿನ ಬಿಗಿತವನ್ನು ಹತೋಟಿಯಲ್ಲಿಡುವ ಅನುಭವ, ಮತ್ತು ಧೂಳು ತೇವಗಳು ತಾಕದಂತೆ ಅದನ್ನು ಕರಡಿಗೆಯಲ್ಲಿಡುವ ಕೌಶಲ.

ನ್ಯಾನೊ ಪ್ರಪಂಚದ ಬಾಗಿಲು ತೆರೆದದ್ದೂ ಒಂದು ಬಗೆಯ ಸಂವೇದಕದಿಂದಲೇ ಎಂಬುದನ್ನು ಮರೆಯಬಾರದು. 1981ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬಿನ್ನಿಗ್ ಮತ್ತು ರೋರರ್ ನಿರ್ಮಿಸಿದ ಸೂಕ್ಷ್ಮದರ್ಶಕದಲ್ಲಿ ಮಸೂರವಿಲ್ಲ. ಅತಿ ಚೂಪಾದ ಸೂಜಿಯೊಂದು ಮೇಲ್ಮೈಯನ್ನು ಸೋಕದೆ ಸಮೀಪದಲ್ಲಿ ಸರಿಯುತ್ತ, ತನ್ನಲ್ಲಿ ಹರಿಯುವ ಅತ್ಯಲ್ಪ ವಿದ್ಯುತ್ತಿನಿಂದ ಪರಮಾಣುಗಳ ಉಬ್ಬುತಗ್ಗುಗಳನ್ನು ಗುರುತಿಸುತ್ತದೆ. ಅವರಿಗೆ 1986ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದೇ ವರ್ಷ ಬಿನ್ನಿಗ್, ಕ್ವೇಟ್, ಗರ್ಬರ್ ಎಂಬ ಮೂವರು ಸೂಜಿಯನ್ನು ಬಾಗುವ ಸಣ್ಣ ತೊಲೆಯ ತುದಿಯಲ್ಲಿಟ್ಟು ಪರಮಾಣುಗಳ ಸೆಳೆತವನ್ನೇ ಅಳೆದರು. ಮುಂದೆ ಆ ತೊಲೆಗಳನ್ನು ಸಿಲಿಕಾನ್ ಕೆತ್ತನೆಯ ವಿಧಾನದಿಂದಲೇ ಹೇರಳವಾಗಿ ತಯಾರಿಸತೊಡಗಿದರು. ಅಂಥ ತೊಲೆಗೆ ಒಂದು ವಸ್ತುವನ್ನು ಮಾತ್ರ ಹಿಡಿಯುವ ಲೇಪವನ್ನು ಬಳಿದರೆ, ಅಣುಗಳು ಬಂದು ಕುಳಿತಾಗ ಅದು ಬಾಗುತ್ತದೆ. ಹೀಗೆ ಸೂಜಿಯ ತೊಲೆ ಮೂಗಾಗಿಯೂ ಕೆಲಸ ಮಾಡುತ್ತದೆ. ಇಂಗಾಲದ ನಳಿಕೆಗಳು ಅನಿಲವನ್ನು ಗುರುತಿಸಬಲ್ಲವೆಂಬುದು 2000ದಲ್ಲಿ ಪ್ರಕಟವಾಯಿತು. ಒಂದೇ ಪರಮಾಣುವಿನಷ್ಟು ದಪ್ಪವುಳ್ಳ ಗ್ರಾಫೀನ್ ಹಾಳೆಯನ್ನು 2004ರಲ್ಲಿ ಬೇರ್ಪಡಿಸಿದ ಮ್ಯಾಂಚೆಸ್ಟರಿನ ತಂಡ, ಅದರ ಮೇಲೆ ಅನಿಲದ ಒಂದೊಂದೇ ಅಣು ಬಂದು ಕೂರುವುದನ್ನೂ ಹೋಗುವುದನ್ನೂ ಅಳೆಯಬಹುದೆಂದು 2007ರಲ್ಲಿ ತೋರಿಸಿತು.

ಈ ಸಂಶೋಧನೆಯಲ್ಲಿ ಬೆಂಗಳೂರಿನ ಪಾಲೂ ಉಂಟು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಜಯ್ ಸೂದ್ ಮತ್ತು ಸಂಗಡಿಗರು ಇಂಗಾಲದ ನಳಿಕೆಗಳ ಮೇಲೆ ದ್ರವವನ್ನು ಹರಿಸಿದಾಗ ವಿದ್ಯುತ್ ಒತ್ತಡ ಹುಟ್ಟುವುದನ್ನು ಕಂಡು, ಹರಿವನ್ನು ಅಳೆಯಲು ಅದು ನೆರವಾಗುವುದೆಂದು 2003ರಲ್ಲಿ ಪ್ರಕಟಿಸಿದರು. ಬೆಂಗಳೂರಿನವರೇ ಆದ ಸಿ. ಎನ್. ಆರ್. ರಾವ್ ಅವರು ನ್ಯಾನೊ ದ್ರವ್ಯಗಳ ರಸಾಯನದಲ್ಲಿ ಮಾಡಿದ ಕೆಲಸವೂ, 2007ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನ್ಯಾನೊ ಯೋಜನೆಗೆ ನೀಡಿದ ನೇತೃತ್ವವೂ ಸರ್ವವಿದಿತ.

ಈಗ ನಮ್ಮ ದೇಶದ ವೃತ್ತಾಂತಕ್ಕೆ ಬರೋಣ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1962ರಲ್ಲಿಯೇ ಜರ್ಮೇನಿಯಮ್ ಅರೆವಾಹಕಗಳ ತಯಾರಿಕೆಯನ್ನು ತೊಡಗಿತು. ಸುಮಾರು ಹತ್ತು ವರ್ಷಗಳ ಬಳಿಕ ಅಲ್ಲಿಯೇ ಸಂಯುಕ್ತ ಮಂಡಲಗಳ ವ್ಯವಸ್ಥೆಯೂ ಆಯಿತು. ಪಂಜಾಬಿನ ಮೊಹಾಲಿಯಲ್ಲಿ ಸ್ಥಾಪಿತವಾದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ 1984ರಲ್ಲಿ 5 ಮೈಕ್ರಾನ್ ಗೆರೆಯ ಚಿಪ್ಪುಗಳಿಂದ ಉತ್ಪಾದನೆಯನ್ನಾರಂಭಿಸಿತು. ಮರುವರ್ಷ ಅಮೆರಿಕದಲ್ಲಿ ಹೊರಬಂದ ಇಂಟೆಲ್ 386ರ ಗೆರೆ 1.5 ಮೈಕ್ರಾನ್. ಹಿಂದೆ ಇದ್ದೆವು, ಆದರೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇದ್ದೆವು. 1989ರ ಫೆಬ್ರವರಿ 7ರಂದು ಬೆಂಕಿ ಬಿದ್ದು ಆ ಕಾರ್ಖಾನೆ ನಾಶವಾಯಿತು. ಉತ್ಪಾದನೆ ಮತ್ತೆ ಮೊದಲಾದದ್ದು 1997ರಲ್ಲಿ. ಎರಡು ವರ್ಷಕ್ಕೊಮ್ಮೆ ಇಮ್ಮಡಿಯಾಗುವ ವಿದ್ಯೆಯಲ್ಲಿ ಎಂಟು ವರ್ಷಗಳ ಅಂತರವೆಂದರೆ ನಾಲ್ಕು ತಲೆಮಾರುಗಳ ಅಂತರ. ಲೆಕ್ಕದ ವಂಶದಲ್ಲಿ ನಮ್ಮ ಹಿನ್ನಡೆಗೆ ಇದೊಂದೇ ಕಾರಣವಲ್ಲದಿದ್ದರೂ, ಇದು ದೊಡ್ಡ ಕಾರಣಗಳಲ್ಲೊಂದು.

ಸಂವೇದಕಗಳ ವಂಶ ನಮ್ಮಲ್ಲಿ ಸದ್ದಿಲ್ಲದೆ ಬೆಳೆಯಿತು. 2000ದಲ್ಲಿ ಆರಂಭವಾದ ಸ್ಮಾರ್ಟ್ ಮೆಟೀರಿಯಲ್ಸ್ ರಾಷ್ಟ್ರೀಯ ಕಾರ್ಯಕ್ರಮಕ್ಕೆ ರಕ್ಷಣಾ ವಿಜ್ಞಾನಿ ವಿ. ಕೆ. ಆತ್ರೆ ಅವರ ನೇತೃತ್ವವಿತ್ತು. ಅನೇಕ ವಿದ್ಯಾಸಂಸ್ಥೆಗಳಲ್ಲಿ ಸೂಕ್ಷ್ಮ ಯಂತ್ರಗಳ ಅಧ್ಯಯನ ನೆಲೆಗೊಂಡುದು ಆ ಮೂಲಕ. 2006ರ ಸುಮಾರಿಗೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿಯೂ ಮುಂಬಯಿಯ ಪವಾಯಿಯಲ್ಲಿರುವ ಐಐಟಿಯಲ್ಲಿಯೂ ನ್ಯಾನೊ ಎಲೆಕ್ಟ್ರಾನಿಕ್ಸ್ ಕೇಂದ್ರಗಳು ಜತೆಯಾಗಿ ಎದ್ದುವು. ಅವುಗಳ ಶುದ್ಧಗಾಳಿಯ ಕೊಠಡಿಗಳನ್ನು ದೇಶದ ಇತರ ಕಾಲೇಜುಗಳ ಸಂಶೋಧಕರಿಗೂ ತೆರೆದಿಟ್ಟುದು, ನನ್ನ ಅಭಿಪ್ರಾಯದಲ್ಲಿ, ಕಟ್ಟಡಗಳಿಗಿಂತಲೂ ಹೆಚ್ಚಿನ ಕಾರ್ಯ.

ಇದರ ಫಲ ಕಂಡದ್ದು ಚಂದ್ರನ ಮೇಲೆ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ವಿಕ್ರಮ ನೌಕೆಯಲ್ಲಿ ಇಲ್ಸಾ ಎಂಬ ಕಂಪನಮಾಪಕವಿತ್ತು. ಅದು ಬೆಂಗಳೂರಿನಲ್ಲಿರುವ ಇಸ್ರೋದ ವಿದ್ಯುದ್ದೃಗ್ವಿಜ್ಞಾನ ವ್ಯವಸ್ಥೆಗಳ ಪ್ರಯೋಗಶಾಲೆಯಲ್ಲಿ, ಎಂದರೆ ಲಿಯೋಸ್‌ನಲ್ಲಿ, ರೂಪುಗೊಂಡಿತು. ಅದರೊಳಗೆ ಈ ದೇಶದಲ್ಲಿಯೇ ಸಿಲಿಕಾನಿನಲ್ಲಿ ಕೆತ್ತಿದ ಆರು ವೇಗೋತ್ಕರ್ಷಮಾಪಕಗಳು: ಸ್ಪ್ರಿಂಗಿಗೆ ತೂಗಿದ ಭಾರ, ಬಾಚಣಿಗೆಯ ಹಲ್ಲುಗಳು, ಬದಲಾಗುವ ಧಾರಣಶಕ್ತಿ, ಕಾರಿನ ಗಾಳಿಚೀಲದಲ್ಲಿ ಕಂಡ ತತ್ವವೇ ಇಲ್ಲಿ ಬಹು ಸೂಕ್ಷ್ಮವಾಗಿ ನಿಂತಿದೆ. ಆಗಸ್ಟ್ 25ರಂದು ಅದು ಪ್ರಜ್ಞಾನ ಗಾಡಿಯ ಚಲನೆಯನ್ನು ದಾಖಲಿಸಿತು. 26ರಂದು ಸ್ವಾಭಾವಿಕವೆಂದು ತೋರುವ ಕಂಪನವೊಂದನ್ನು ಹಿಡಿಯಿತು. ಸುಮಾರು 190 ಗಂಟೆಗಳ ದಾಖಲೆಯಲ್ಲಿ 250ಕ್ಕೂ ಮಿಕ್ಕಿದ ಸಂಕೇತಗಳು. ಅವುಗಳಲ್ಲಿ ಗಾಡಿಯ ಅಥವಾ ಉಪಕರಣಗಳ ಚಟುವಟಿಕೆಗೆ ಹೊಂದದೆ ಉಳಿದವು ಸುಮಾರು 50. ಅಪೊಲೊ ಯಾತ್ರಿಕರು ಇಟ್ಟುಬಂದ ಕಂಪನಮಾಪಕಗಳನ್ನು 1977ರಲ್ಲಿ ನಿಲ್ಲಿಸಿದ ಮೇಲೆ ಚಂದ್ರನ ನೆಲದ ನಡುಕವನ್ನು ಆಲಿಸಿದುದು ಇದು. ಸಿಲಿಕಾನ್ ಕೆತ್ತನೆಯ ಕಂಪನಮಾಪಕ 2018ರಲ್ಲಿಯೇ ಇನ್‌ಸೈಟ್ ನೌಕೆಯೊಡನೆ ಮಂಗಳವನ್ನು ಮುಟ್ಟಿತ್ತು. ಚಂದ್ರನ ಮಟ್ಟಿಗೆ ಇಂಥ ಸೂಕ್ಷ್ಮ ಯಂತ್ರವನ್ನು ಮೊದಲು ಕೊಂಡೊಯ್ದ ಕೀರ್ತಿ ಇಲ್ಸಾಕ್ಕೆ ಸಲ್ಲುತ್ತದೆ.

ಈ ಎಲ್ಲ ಸಂಗತಿಗಳಿಂದ ನಾನು ತೆಗೆಯುವ ನಿರ್ಣಯ ಹಣದ ವಿಷಯಕ್ಕೂ ಸಂಬಂಧಿಸಿದುದು. ಬ್ಯಾಂಕಿನ ವೃತ್ತಿಯಲ್ಲಿರುವವನಿಗೆ ಆ ದೃಷ್ಟಿ ಸಹಜವೆಂದು ವಾಚಕರು ಮನ್ನಿಸಬೇಕು. ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಅರೆವಾಹಕ ಉದ್ಯಮಕ್ಕೆ 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಘೋಷಿಸಿತು. ಗುಜರಾತಿನ ಧೋಲೇರದಲ್ಲಿ 2024ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾದ ಟಾಟಾ ಕಾರ್ಖಾನೆಯೊಂದರ ಅಂದಾಜೇ 91,000 ಕೋಟಿ. ಇವು ಅವಶ್ಯಕವಲ್ಲವೆಂದು ನಾನು ಹೇಳಲಾರೆ. ಆದರೆ ಸಾರ್ವಜನಿಕ ಚರ್ಚೆಯಲ್ಲಿ ಕೇಳುವ ಪ್ರಶ್ನೆ ಒಂದೇ: ಎಷ್ಟು ನ್ಯಾನೊಮೀಟರ್? ಇಂದು 3, 2 ನ್ಯಾನೊಮೀಟರ್ ಎಂದು ಪ್ರಚಾರವಾಗುವ ಅಂಕಗಳು ಚಿಪ್ಪಿನ ಯಾವ ಭಾಗದ ನಿಜವಾದ ಅಳತೆಯೂ ಅಲ್ಲ. ಅವು ತಲೆಮಾರನ್ನು ಸೂಚಿಸುವ ವ್ಯಾಪಾರದ ಹೆಸರುಗಳು. ಅಂಥ ಅಂಕದಿಂದ ಒಂದು ದೇಶದ ವಿದ್ಯೆಯನ್ನು ಅಳೆಯುವುದು, ಅಂಗಡಿಯ ನಾಮಫಲಕವನ್ನು ನೋಡಿ ಸಾಲ ಮಂಜೂರು ಮಾಡಿದಂತೆ.

ಲೆಕ್ಕದ ಚಿಪ್ಪುಗಳ ಕಾರ್ಖಾನೆಯ ಯಂತ್ರಗಳು ಕೆಲವೇ ವರ್ಷಗಳಲ್ಲಿ ಹಿಂದೆ ಬೀಳುತ್ತವೆ. ಅವುಗಳ ಸವಕಳಿಯನ್ನು ತುಂಬಿಕೊಳ್ಳುವ ಮೊದಲೇ ಹೊಸ ಬಂಡವಾಳ ಬೇಕಾಗುತ್ತದೆ. ಸಂವೇದಕಗಳಿಗೆ ಹಾಗಲ್ಲ. ಲೆಕ್ಕದ ವಂಶ ಬಿಟ್ಟುಹೋದ ಹಳೆಯ ಯಂತ್ರಗಳಲ್ಲಿಯೇ ಅವುಗಳಲ್ಲಿ ಅನೇಕವನ್ನು ಮಾಡಬಹುದು. ಅಲ್ಲಿ ಹಳತಾಗುವುದು ಯಂತ್ರವಲ್ಲ, ಮರೆತರೆ ಹಾಳಾಗುವ ಅನುಭವ. ಆದುದರಿಂದ ಮಧ್ಯಮ ಬಂಡವಾಳದ ದೇಶಕ್ಕೆ ಈ ವಂಶ ಹೆಚ್ಚು ಒಗ್ಗುತ್ತದೆ.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಚಂದ್ರನಿಗೆ ಆರು ಮಾಪಕಗಳನ್ನು ಮಾಡಿದವರು ಮಾರುಕಟ್ಟೆಗೆ ಆರು ಕೋಟಿಯನ್ನು ಮಾಡಬಲ್ಲರೇ ಎಂದು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಮೆಕ್ಲೆಲನ್ನನ ಮೋಟಾರಿನ ಪಾಠವೂ ಇದೇ. ಆರು ಮಾಪಕಗಳಲ್ಲಿ ಕೌಶಲ ಸಾಕು. ಆರು ಕೋಟಿಗೆ ಕ್ರಮ ಬೇಕು. ಅಂಥ ಕ್ರಮ ಹುಟ್ಟುವುದು ಸಂಸ್ಥೆಗಳ ಅವಿಚ್ಛಿನ್ನತೆಯಿಂದ: ಒಬ್ಬರು ಕಂಡುಕೊಂಡ ಪಾಕವನ್ನು ಮತ್ತೊಬ್ಬರು ಬರೆದಿಟ್ಟು, ಮೂರನೆಯವರು ತಿದ್ದಿ, ನಾಲ್ಕನೆಯವರು ಕಾರ್ಖಾನೆಗೆ ಒಯ್ಯುವುದರಿಂದ. 1954ರ ಸ್ಮಿತ್‌ನಿಂದ ಗಾಳಿಚೀಲದ ಚಿಪ್ಪಿನವರೆಗೆ ಮುಂದುವರಿದ ದೇಶಕ್ಕೂ ಸುಮಾರು ನಾಲ್ವತ್ತು ವರ್ಷ ಹಿಡಿಯಿತು. ನಮ್ಮ ಯೋಜನೆಗಳು ಐದೈದು ವರ್ಷಗಳಲ್ಲಿ ಹೆಸರು ಬದಲಿಸುತ್ತ ಹೋದರೆ ಆ ನಾಲ್ವತ್ತು ವರ್ಷಗಳು ಎಂದೂ ಕೂಡಿಬರುವುದಿಲ್ಲ.

ಕೊನೆಯದಾಗಿ ನಮ್ಮವರಲ್ಲಿ ಒಂದು ವಿಜ್ಞಾಪನೆ. 1962ರಲ್ಲಿ ಬೆಂಗಳೂರಿನ ಕಾರ್ಖಾನೆಯಲ್ಲಿ ಜರ್ಮೇನಿಯಮ್ ಹರಳುಗಳೊಡನೆ ಕೆಲಸ ಮಾಡಿದ ತಲೆಮಾರು ಇಂದು ಎಂಬತ್ತನ್ನು ದಾಟಿದೆ. ಆ ಕಾರ್ಖಾನೆಗಳಿಂದಲೂ ಪ್ರಯೋಗಶಾಲೆಗಳಿಂದಲೂ ಹೊರಟು ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳಲ್ಲಿ ನೆಲಸಿದ ಕನ್ನಡಿಗರು ನಮ್ಮ ಸಂಘಗಳ ಸದಸ್ಯರಲ್ಲಿಯೇ ಇರಬಹುದು. ಅವರ ಟಿಪ್ಪಣಿ ಪುಸ್ತಕಗಳೂ ನೆನಪುಗಳೂ ಈ ಚರಿತ್ರೆಯ ಶಾಸನಗಳು. ತಾಮ್ರಪಟವನ್ನು ನೆಲದಿಂದ ಅಗೆದು ತೆಗೆಯುವ ತಾಳ್ಮೆ ನಮ್ಮ ಸಂಶೋಧಕರಿಗೆ ಉಂಟು. ಪಕ್ಕದ ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳುವ ತಾಳ್ಮೆಯೂ ಬರಬೇಕು. ಚಂದ್ರನ ನೆಲದ ಅಲುಗಾಟವನ್ನು ಆಲಿಸಬಲ್ಲ ಉಪಕರಣವನ್ನು ನಮ್ಮ ನಾಡಿನಲ್ಲಿ ಮಾಡಿದ್ದೇವೆ. ಅದನ್ನು ಮಾಡಿದವರ ಮಾತನ್ನು ಕೇಳಿ, ಕನ್ನಡದಲ್ಲಿ ದಾಖಲಿಸುವ ಕೆಲಸ ಇನ್ನೂ ಉಳಿದಿದೆ.